ಹಿಂದೆ ಮಲಗಿದ ಡ್ರೈವರ್

ಬೊಮ್ಮಯ್ಯಾ,

ಇವತ್ತು ಮಧ್ಯಾಹ್ನ ಬಾಳೆಗುಳಿ ಕ್ರಾಸಿನಲ್ಲಿ ಆರ್‌ಟಿಒ ಸಾಹೇಬರು ನಮ್ಮ ಲಾರಿ ತಡೆದರು. "ಎಂಟು ತಾಸಾದ್ಮೇಲೆ ಒಬ್ನೇ ಓಡ್ಸೂ ಹಾಗಿಲ್ಲ, ಎರಡ್ನೇ ಡ್ರೈವರ್ ಎಲ್ಲಿ?" ಎಂದರು. ಪಕ್ಕದಲ್ಲಿ ಕೂತಿದ್ದ ಮಾಲೀಕ ನಿನ್ನ ಲೈಸೆನ್ಸ್ ತೋರಿಸಿದ.

"ಹಿಂದ್ಗಡೆ ಮಲ್ಕಂಡಾನೆ ಸಾಹೇಬ್ರೆ. ಪಾಪ, ಎಬ್ಸೂದು ಬ್ಯಾಡ."

ಸೀಟಿನ ಹಿಂದೆ ದಿಂಬುಗಳ ಮೇಲೆ ಕಂಬಳಿ ಹೊದಿಸಿ, ಕೆಳಗೆ ನಿನ್ನ ಹಳೆಯ ಚಪ್ಪಲಿ ಜೋಡಿಸಿಟ್ಟಿದ್ದ, ಹೇಸಿಗೆ ಮನುಷ್ಯ. ಸಾಹೇಬರು ಚಪ್ಪಲಿ ನೋಡಿ, "ಹೋಗಿ" ಎಂದು ಕೈ ಬೀಸಿದರು. ನಾನು ಗೇರ್ ಹಾಕಿದೆ. ಅಂಕೋಲೆ ದಾಟುವವರೆಗೂ ಕಿಟಕಿಯಾಚೆ ಉಗುಳುತ್ತಲೇ ಇದ್ದೆ.

ನೀನು ಸತ್ತ ದಿನ "ಕಣ್ಣು ಎಳೀತದೆ, ಅರ್ಧ ತಾಸು ಮಲಗ್ತೆ" ಎಂದು ಫೋನಿನಲ್ಲಿ ಕೇಳಿದ್ದು ಇದೇ ಮಾಲೀಕನನ್ನು. "ಕಾರವಾರ ಮುಟ್ಟಿ ಮಲ್ಕೊ" ಅಂದಿದ್ದ. ನೀನು ಅದಕ್ಕೂ ಮೊದಲಿನ ಅವರ್ಸಾದ ತಿರುವನ್ನೂ ದಾಟಲಿಲ್ಲ.

ಈಗ ನಿನ್ನನ್ನು ಎಬ್ಬಿಸಬಾರದಂತೆ.