ಅಂಗಳದ ದುಂಡು ಗುರುತು

ಸಿಯೋಲ್
ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ

ಪ್ರೀತಿಯ ಅಮ್ಮನಿಗೆ,

ಮಗಳು ಮೀರಿಮ್ ಹೇಳುವ ಸಲಾಮು. ಮನೆಮಂದಿಯೆಲ್ಲ ಕ್ಷೇಮವೇ, ಕುರಿ ಕುದುರೆಗಳು ಮೈತುಂಬಿಕೊಂಡಿವೆಯೇ ಎಂದು ಕೇಳಿ ಆಮೇಲೆ ವಿಷಯಕ್ಕೆ ಬರುವುದು ನಮ್ಮ ಪದ್ಧತಿ. ಈ ಸಲ ನಾನು ಕೇಳುವುದಿಲ್ಲ. ಕೇಳಿದರೆ ನೀನು ಎಲ್ಲರೂ ಚೆನ್ನಾಗಿದ್ದಾರೆ ಅನ್ನಬೇಕು, ನಾನು ಅದನ್ನು ನಂಬಿದ ಹಾಗೆ ಇರಬೇಕು. ಇಬ್ಬರಿಗೂ ಆ ಆಟ ಸಾಕಾಗಿದೆ.

ದಿನ ಬಿಟ್ಟು ದಿನ ಫೋನಿನಲ್ಲಿ ಹರಟುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ಚಿಕ್ಕವಳಾಗಿಬಿಡುತ್ತೇನೆ. ಹೇಳಬೇಕೆಂದು ಕೂಡಿಟ್ಟುಕೊಂಡ ಮಾತು ಬಿಟ್ಟು ಊಟದ ಸುದ್ದಿ, ಚಳಿಯ ಸುದ್ದಿ ಹೇಳಿ ಇಟ್ಟುಬಿಡುತ್ತೇನೆ. ಈ ಕಾಗದ ನಿನ್ನ ಕೈಸೇರುವುದು ಬುರುಲ್ ದೊಡ್ಡಮ್ಮನ ಕಡೆಯಿಂದ. ಅವರು ನಾರಿನ್ ಊರಿನವರು, ನಮ್ಮ ಆಸ್ಪತ್ರೆಗೆ ಚಿಕಿತ್ಸೆಗೆಂದು ಬಂದಿದ್ದವರು. ಮಗ ಎಸೆನ್ ಜೊತೆ ಈಗ ವಾಪಸ್ ಹೊರಟಿದ್ದಾರೆ. ನಾರಿನ್‌ಗೆ ಹೋಗುವ ರಸ್ತೆ ನಮ್ಮೂರು ಕೊಚ್ಕೋರ್ ಮೇಲೆಯೇ ತಾನೇ. ಅವರಿಗೆ ಗಟ್ಟಿ ಪದಾರ್ಥ ಇಳಿಯುವುದಿಲ್ಲ. ಒಂದಿಷ್ಟು ತಿಳಿಯಾದ ಮಾಂಸದ ಸಾರು ಬಿಸಿ ಮಾಡಿ ಕೊಡು.

ಮೊದಲು ನನ್ನ ಕೆಲಸದ ವಿಷಯ. ಹೊರದೇಶದ ರೋಗಿಗಳ ವಿಭಾಗದಲ್ಲಿ ತರಬೇತಿ ಎಂದರೆ ಏನೋ ದೊಡ್ಡದು ಎಂದು ನೀನು ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದೀಯಲ್ಲ, ಅಷ್ಟೇನೂ ಇಲ್ಲ. ಡಾಕ್ಟರು ಕೊರಿಯನ್ ಭಾಷೆಯಲ್ಲಿ ಹೇಳಿದ್ದನ್ನು ನಮ್ಮ ಕಡೆಯ ರೋಗಿಗಳಿಗೆ ಅವರ ಮಾತಿನಲ್ಲಿ ಹೇಳಬೇಕು, ಅವರು ಹೇಳಿದ್ದನ್ನು ಡಾಕ್ಟರಿಗೆ ಮುಟ್ಟಿಸಬೇಕು. ಬಂದ ಹೊಸದರಲ್ಲಿ ಅದೂ ಬರುತ್ತಿರಲಿಲ್ಲ. ನೆಲದೊಳಗಿನ ರೈಲಿನಲ್ಲಿ ಇಳಿಯುವ ನಿಲ್ದಾಣ ತಪ್ಪಿ ಅತ್ತುಕೊಂಡು ಫೋನ್ ಮಾಡಿದ ದಿನ ಅಪ್ಪ ನಕ್ಕಿದ್ದು ನೆನಪಿದೆಯೇ? "ಮಂಜಿನಲ್ಲಿ ಕುರಿ ಹುಡುಕ್ಕೊಂಡು ಬರ್ತಿದ್ದೋಳು ನೀನು. ಅಷ್ಟು ದೊಡ್ಡ ರೈಲು ಕಾಣಲಿಲ್ವೇನೆ?" ಅಂದಿದ್ದರು. ಅವತ್ತೂ ಫೋನ್ ಮೇಲೆತ್ತಿ ಹಿಡಿದು ಬರೀ ಹಣೆ ತೋರಿಸುತ್ತಿದ್ದರು. ಈ ಊರಿಗೆ ಬಂದಮೇಲೆ ನಾನು ಅಪ್ಪನ ಮುಖ ನೋಡಿದ್ದು ಕಮ್ಮಿ, ಹಣೆ ನೋಡಿದ್ದೇ ಜಾಸ್ತಿ.

ಆ ಹಣೆ ಕಾಣುವುದು ನಿಂತ ಮೇಲೆ ನೀವೆಲ್ಲ ಹೇಳಿದ ಮಾತುಗಳನ್ನು ಒಂದು ಕಡೆ ಇಟ್ಟು ನೋಡು ಅಮ್ಮ. ಮೊದಲು ಅಪ್ಪ ಮೇಲಿನ ಹುಲ್ಲುಗಾವಲಿಗೆ ಹೋಗಿದ್ದಾರೆ, ಅಲ್ಲಿ ಸಿಗ್ನಲ್ ಇಲ್ಲ ಅಂದೆ. ಹಿಂಡುಗಳೆಲ್ಲ ಕೆಳಗಿಳಿದ ಮೇಲೆ ಯಾರ ಕುರಿ ಮೇಯಿಸಲು ಹೋದರು? ಆಮೇಲೆ ಫೋನ್ ಹೊಳೆಗೆ ಬಿತ್ತು ಅಂದ ಮಕ್ಸತ್ ಅಣ್ಣ. ಮತ್ತೆ ಕೇಳಿದರೆ ಗಂಟಲು ಕಟ್ಟಿದೆ, ಮಾತಾಡಲು ಆಗುತ್ತಿಲ್ಲ ಅಂದಿರಿ. ನೀನು ಮುಖ ತೋರಿಸುವುದನ್ನೂ ಬಿಟ್ಟೆ. ಕ್ಯಾಮೆರಾ ಕೆಟ್ಟಿದೆ ಅಂದೆ. ಒಂದೇ ಮನೆಯಲ್ಲಿ ಅಷ್ಟೂ ಒಟ್ಟಿಗೆ ಕೆಡುವುದೇನಮ್ಮ?

ನಾನು ನಂಬಿದ್ದೆ. ನಂಬಬೇಕು ಅಂತಲೇ ನಂಬಿದ್ದೆ.

ಅಣ್ಣನ ಮಗಳು ಐದಾನಾ ತನ್ನ ಬೆಕ್ಕಿನ ಮರಿಯನ್ನು ತೋರಿಸಲು ಒಂದು ವಿಡಿಯೋ ಕಳಿಸಿದಳು. ನಿಮಗ್ಯಾರಿಗೂ ಅದು ಗೊತ್ತಿಲ್ಲ, ಅವಳನ್ನು ಬೈಯಬೇಡ. ಮರಿ ಅವಳ ತೋಳಿಂದ ಹಾರಿ ಓಡಿತು, ಇವಳು ಫೋನ್ ಹಿಡಿದುಕೊಂಡೇ ಅದರ ಹಿಂದೆ ಅಂಗಳಕ್ಕೆ ಓಡಿದಳು. ಅಂಗಳದ ಹುಲ್ಲಿನ ಮಧ್ಯೆ ದೊಡ್ಡದಾಗಿ ದುಂಡಗೆ ಒಂದು ಗುರುತು. ಒಳಗಿನ ಹುಲ್ಲು ತುಳಿದು ಬಿಳಚಿಕೊಂಡಿತ್ತು, ಸುತ್ತಲಿನದು ಹಾಗೇ ನಿಂತಿತ್ತು. ಬೆಕ್ಕಿನ ಮರಿ ಆ ಬೋಳು ಜಾಗದಲ್ಲೇ ಹೋಗಿ ಕೂತಿತು.

ಮದುವೆ ಮುಂಜಿ ಯಾವುದೂ ಇಲ್ಲದ ಮನೆಯ ಅಂಗಳದಲ್ಲಿ, ಚಳಿಗಾಲದ ಬಾಗಿಲಲ್ಲಿ, ದುಂಡನೆಯ ಕಂಬಳಿ ಗುಡಾರ ಯಾವುದಕ್ಕೆ ಹಾಕುತ್ತಾರೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಒಳಗೆ ಬಲಗಡೆ ಯಾರನ್ನು ಮಲಗಿಸಿದ್ದಿರಿ, ನೀನು ಗೋಡೆಗೆ ಮುಖ ಮಾಡಿ ಎಲ್ಲಿ ಕೂತು ಶೋಕದ ಹಾಡು ಹಾಡಿ ಅತ್ತೆ, ಹೊರಗೆ ಅಣ್ಣ ಕೋಲೂರಿಕೊಂಡು ಬಗ್ಗಿ ಯಾವ ಕಡೆ ನಿಂತಿದ್ದ, ಎಲ್ಲವನ್ನೂ ಆ ಹುಲ್ಲಿನ ಮೇಲೆ ಇಟ್ಟು ನೋಡಿದೆ. ಒಂದು ಜಾಗ ಮಾತ್ರ ಖಾಲಿ ಇತ್ತು. ಅದು ನಿನ್ನ ಪಕ್ಕದ್ದು, ಮಗಳ ಜಾಗ.

ದೂರದಲ್ಲಿರುವವರಿಗೆ ಸಾವಿನ ಸುದ್ದಿ ಮುಟ್ಟಿಸಬಾರದು, ಅವರು ಬಂದ ದಿನ ಹಿರಿಯರು ಕೂಡಿ, ಆಜೂಬಾಜು ಕೂರಿಸಿಕೊಂಡು, ಮೆಲ್ಲಗೆ ಹೇಳಬೇಕು ಎನ್ನುವುದು ಹಿಂದಿನಿಂದ ಬಂದದ್ದು ಎಂದು ನನಗೆ ಗೊತ್ತಿಲ್ಲವೇ? ಸಗಿನ್ ಚಿಕ್ಕಪ್ಪನ ಮಗ, ತಾಯಿ ತೀರಿಕೊಂಡದ್ದು ಗೊತ್ತಿಲ್ಲದೆ, ಮಾಸ್ಕೋದಿಂದ ಬಂದಾಗ ನಾನೂ ಆ ಗುಂಪಿನಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಗೇಟಿನ ಹತ್ತಿರ ಅಷ್ಟು ಜನ ಮುದುಕರು ನಿಂತದ್ದನ್ನು ನೋಡಿಯೇ ಅವನು ಚೀಲ ಕೆಳಗಿಟ್ಟು ರಸ್ತೆಯಲ್ಲೇ ಕೂತುಬಿಟ್ಟ. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನನಗೆ ಹಾಗಾಗುವುದು ಬೇಡಮ್ಮ.

ಹಾಸ್ಟೆಲಿನಲ್ಲಿ ಅಳುವಂತಿಲ್ಲ. ಗೋಡೆ ಎಂದರೆ ರಟ್ಟು. ಪಕ್ಕದ ಕೋಣೆಯ ಹುಡುಗಿ ಸೀನಿದರೆ ನಮಗೆ ಕೇಳುತ್ತದೆ. ಇನ್ನು ನಮ್ಮ ಹೆಂಗಸರು ಅಳುವ ಅಳು ಅಲ್ಲಿ ಹಿಡಿಸೀತೇ? ಮಾರನೆಯ ದಿನ ಮಧ್ಯಾಹ್ನ ಊಟಕ್ಕೆಂದು ಎದ್ದವಳು ಆಸ್ಪತ್ರೆಯ ನೆಲಮಾಳಿಗೆಗೆ ಇಳಿದೆ. ಇಲ್ಲಿ ದೊಡ್ಡ ಆಸ್ಪತ್ರೆಗಳಲ್ಲಿ ಸತ್ತವರನ್ನು ಕೂಡಲೇ ಮನೆಗೆ ಒಯ್ಯುವುದಿಲ್ಲ. ಕೆಳಗೆ ಸಾಲಾಗಿ ಕೋಣೆಗಳಿವೆ. ಸತ್ತವರ ಫೋಟೋ ಇಟ್ಟು ಬಿಳಿ ಹೂ ಜೋಡಿಸಿರುತ್ತಾರೆ. ಬಂದವರು ನೆಲಕ್ಕೆ ಹಣೆ ಹಚ್ಚಿ, ಪಕ್ಕದಲ್ಲಿ ಕೂತು ಉಂಡು ಹೋಗುತ್ತಾರೆ. ಒಂದು ಕೋಣೆಯ ಫೋಟೋದಲ್ಲಿ ಅಪ್ಪನ ವಯಸ್ಸಿನವರೊಬ್ಬರಿದ್ದರು. ಹೋಲಿಕೆ ಏನೂ ಇರಲಿಲ್ಲ, ಸುಳ್ಳು ಹೇಳುವುದಿಲ್ಲ. ನಾನು ಶೂ ಬಿಚ್ಚಿ ಒಳಗೆ ಹೋಗಿ ಬಗ್ಗಿದೆ. ಬಗ್ಗಿದವಳಿಗೆ ಏಳಲು ಆಗಲಿಲ್ಲ.

ಎಷ್ಟು ಹೊತ್ತು ಅತ್ತೆನೋ. ಅವರ ಮಗಳು ಬಂದು ನನ್ನನ್ನು ಎಬ್ಬಿಸಿ, ಕೈ ಹಿಡಿದುಕೊಂಡೇ ಕೂರಿಸಿದಳು. ಕೆಂಪಗೆ ಖಾರವಾದ ಮಾಂಸದ ಸಾರು, ಅನ್ನ ತಂದಿಟ್ಟಳು. ನಿಮಗೆ ನಮ್ಮಪ್ಪ ಹೇಗೆ ಪರಿಚಯ ಎಂದು ಕೇಳಿದಳು. ದಾರಿ ತಪ್ಪಿದ್ದಾಗ ನಗಿಸಿ ಧೈರ್ಯ ಹೇಳಿದ್ದರು ಎಂದೆ. ಅವಳಿಗೂ ಅಳು ಬಂತು. ಅಪ್ಪ ಹಾಗೆಲ್ಲ ಮಾಡುತ್ತಿದ್ದರೆಂದು ನಮಗೆ ಗೊತ್ತೇ ಇರಲಿಲ್ಲ ಅಂದಳು. ಆ ಸಾರು ನನಗೆ ಸೇರಲಿಲ್ಲ, ಆದರೂ ತಳದವರೆಗೆ ಉಂಡೆ. ಪರದೇಶದಲ್ಲಿ ಯಾರದೋ ತಂದೆಯ ಹೆಸರಿನಲ್ಲಿ ಅಪ್ಪನ ತಿಥಿಯ ಊಟ ಉಂಡವಳು ನಿನ್ನ ಮಗಳು. ನಗುತ್ತೀಯೋ ಅಳುತ್ತೀಯೋ ನಿನಗೆ ಬಿಟ್ಟದ್ದು.

ಈಗ ಬುರುಲ್ ದೊಡ್ಡಮ್ಮನ ವಿಷಯ ಹೇಳಬೇಕು. ಅವರಿಗೆ ಹೊಟ್ಟೆಯಲ್ಲಿ ಗಡ್ಡೆ. ಬಂದ ದಿನವೇ ಮಗ ಎಸೆನ್ ನನ್ನನ್ನು ಪಡಸಾಲೆಗೆ ಕರೆದು ಕೈಮುಗಿದಿದ್ದ. "ತಂಗಿ, ಗಡ್ಡೆ ಅನ್ನೋ ಮಾತು ನಿನ್ನ ಬಾಯಲ್ಲಿ ಬರಬಾರ್ದು. ಹುಣ್ಣು ಅಂತ ಹೇಳು ಸಾಕು. ಗೊತ್ತಾದ್ರೆ ಅಮ್ಮ ಅವತ್ತೇ ಮಂಚ ಹಿಡೀತಾಳೆ" ಅಂದಿದ್ದ. ನಾನೂ ನಮ್ಮ ಕಡೆಯವಳೇ ತಾನೇ, ಒಪ್ಪಿಕೊಂಡೆ. ಡಾಕ್ಟರು ಉದ್ದಕ್ಕೆ ಏನೇನೋ ಹೇಳಿದರೆ ನಾನು ಹುಣ್ಣು, ಔಷಧಿ, ಪಥ್ಯ ಎಂದು ಮುಗಿಸುತ್ತಿದ್ದೆ. ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟರು. "ಆ ಪುಣ್ಯಾತ್ಮ ಚಹಾ ಆರೋವಷ್ಟು ಹೊತ್ತು ಮಾತಾಡ್ದ. ನೀನು ಎರಡೇ ಮಾತಲ್ಲಿ ಮುಗಿಸ್ದೆ. ಉಳಿದದ್ದನ್ನ ನೀನೇ ತಿಂದ್ಯಾ?"

ನೆಲಮಾಳಿಗೆಯ ಊಟವಾದ ಮೇಲೆ ಬಂದ ಮೊದಲ ತಪಾಸಣೆಯಲ್ಲಿ ಡಾಕ್ಟರು, ಆಪರೇಷನ್ ಮಾಡುವ ಹಂತ ಮೀರಿದೆ, ಔಷಧಿ ಕೊಟ್ಟರೆ ವಸಂತದವರೆಗೆ ತಳ್ಳಬಹುದು, ಆದರೆ ಇಲ್ಲೇ ಇರಬೇಕಾಗುತ್ತದೆ, ಏನು ಮಾಡೋಣ ಎಂದು ರೋಗಿಯನ್ನೇ ಕೇಳು ಅಂದರು. ಎಸೆನ್ ತಾಯಿಯ ಬೆನ್ನ ಹಿಂದೆ ನಿಂತು ಕಣ್ಣಲ್ಲೇ ಬೇಡ ಬೇಡ ಅನ್ನುತ್ತಿದ್ದ. ನನಗೆ ಆ ಕ್ಷಣ ಅವನ ಮುಖದಲ್ಲಿ ಮಕ್ಸತ್ ಅಣ್ಣ ಕಂಡ. ಫೋನ್ ಹೊಳೆಗೆ ಬಿತ್ತು ಅಂದಾಗ ಅಣ್ಣನ ಮುಖ ಹೀಗೇ ಇದ್ದಿರಬೇಕು. ನಾನು ದೊಡ್ಡಮ್ಮನ ಕಡೆ ತಿರುಗಿ ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಒಂದು ಮಾತೂ ಬಿಡಲಿಲ್ಲ.

ಒಳ್ಳೆಯದಾಯಿತು ಎಂದುಕೊಳ್ಳಬೇಡ. ಎಸೆನ್ ನನ್ನ ಮೇಲೆ ಕೂಗಾಡಿದ. "ನಿನ್ನ ಮನೇಲಿ ಹಿರೀಕರು ಇಲ್ವಾ? ಯಾರು ಬೆಳೆಸಿದ್ರು ನಿನ್ನ?" ಅಂದ. ದೊಡ್ಡಮ್ಮ ಎದ್ದು, ನನ್ನ ಕೆನ್ನೆಗೊಂದು ಕೊಟ್ಟು, ಗೋಡೆ ಕಡೆ ತಿರುಗಿ ಮಲಗಿದರು. ನಮ್ಮ ಮೇಲ್ವಿಚಾರಕಿ ಮೇಡಂ ಕರೆದು, ಮನೆಯವರ ಜೊತೆ ಮೊದಲೇ ಕೂತು ಮಾತಾಡಬೇಕಾಗಿತ್ತು, ಅಷ್ಟು ದಿನ ತಪ್ಪಾಗಿ ಹೇಳಿಕೊಂಡು ಬಂದದ್ದು ಇನ್ನೂ ದೊಡ್ಡ ತಪ್ಪು ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ದೊಡ್ಡಮ್ಮ ಊಟ ಬಿಟ್ಟರು. ನನ್ನ ಕೈಯಿಂದ ನೀರೂ ಮುಟ್ಟಲಿಲ್ಲ. ನಾನು ಅವರನ್ನು ಕೊಂದುಬಿಟ್ಟೆನೋ ಎಂದು ಹೆದರಿ ಸತ್ತೆ ಅಮ್ಮ. ಈಗಲೂ ಆ ಹೆದರಿಕೆ ಪೂರ್ತಿ ಹೋಗಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಅವರೇ ಕರೆದರು. ಮುಖ ಇಳಿದುಹೋಗಿತ್ತು, ದನಿ ಮಾತ್ರ ಹಾಗೇ ಇತ್ತು. "ನಿಜ ಹೇಳಿದೆ ಅಂತ ನಿನ್ನ ಹೊಗಳೋಕೆ ಕರೀಲಿಲ್ಲ. ನಂಗೆ ಸಾಯೋಕೆ ಇಷ್ಟ ಇಲ್ಲ. ಆದ್ರೆ ಸಾಯೋದಾದ್ರೆ ಈ ಹದಿನಾಲ್ಕನೇ ಮಹಡೀಲಿ ಸಾಯಲ್ಲ. ಟಿಕೆಟ್ ಮಾಡ್ಸೋಕೆ ಆ ಹುಡುಗನಿಗೆ ಹೇಳು. ನನ್ನ ಮಾತಿಗೆ ಅವನು ಬರೀ ಅಳ್ತಾನೆ" ಅಂದರು. ಹೊರಟವಳನ್ನು ಮತ್ತೆ ನಿಲ್ಲಿಸಿದರು. "ಇಷ್ಟು ದಿನ ಸುಳ್ಳು ಹೇಳ್ದೋಳು ಅವತ್ತು ಯಾಕೆ ಬಾಯಿ ಬಿಟ್ಟೆ? ನಿಮ್ಮನೇಲಿ ಯಾರು?"

ನನ್ನಪ್ಪ ಅಂದೆ. ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು ಅವರ ಮುಂದೆ. ಹುಲ್ಲಿನ ಗುರುತಿನ ವಿಷಯವನ್ನೂ ಹೇಳಿದೆ. ನಾನು ಕಂಡದ್ದು ಸರಿಯೇ ದೊಡ್ಡಮ್ಮ ಎಂದು ಕೇಳಿದೆ. ಅವರು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು, ಹೌದು ಮಾತ್ರ ಅನ್ನಲಿಲ್ಲ. "ಅದನ್ನ ನಾನು ಹೇಳೋ ಹಾಗಿಲ್ಲ ಮಗಾ. ಅದು ನಿನ್ನ ತಾಯಿ ಹೇಳೋ ಮಾತು. ಅವಳೂ ಅದನ್ನ ಒಳಗೇ ಇಟ್ಕೊಂಡು ಅನ್ನ ಹೇಗೆ ನುಂಗ್ತಿದಾಳೋ ಏನೋ" ಅಂದರು.

ಆ ಮಾತು ಕೇಳುವ ತನಕ ನನಗೆ ನಿನ್ನ ಮೇಲೆ ಸಿಟ್ಟಿತ್ತು. ಹೌದಮ್ಮ, ತುಂಬಾ ಸಿಟ್ಟಿತ್ತು. ನನ್ನ ಅಪ್ಪನನ್ನು ನನಗೆ ಹೇಳದೆ ಮಣ್ಣು ಮಾಡಿದರು ಎಂದು. ನನ್ನ ತರಬೇತಿ, ನನ್ನ ಸರ್ಟಿಫಿಕೇಟು ಕೆಡಬಾರದೆಂದು ನೀನು ಒಬ್ಬಳೇ ನುಂಗಿಕೊಂಡಿದ್ದೀಯ ಎಂದು ಆಗ ಹೊಳೆಯಿತು. ಫೋನಿನಲ್ಲಿ ನನಗೆ ಕತೆ ಹೇಳಿ, ಇಟ್ಟ ಮೇಲೆ ನೀನು ಎಲ್ಲಿ ಹೋಗಿ ಕೂರುತ್ತಿದ್ದೆ? ದನದ ಕೊಟ್ಟಿಗೆಯಲ್ಲೇನಮ್ಮ?

ಇಲ್ಲಿಗೆ ಬರುವಾಗ ದೊಡ್ಡ ಊರು ನನ್ನನ್ನು ಜಾಣೆ ಮಾಡುತ್ತದೆ ಎಂದುಕೊಂಡಿದ್ದೆ. ಭಾಷೆ ಕಲಿತೆ, ರೈಲು ಕಲಿತೆ, ಮೇಲಿನವರ ಮುಂದೆ ತಲೆ ಎತ್ತಿ ಮಾತಾಡುವುದನ್ನು ಕಲಿತೆ. ಅದೆಲ್ಲ ಏನು ಮಹಾ. ಕೆಟ್ಟ ಸುದ್ದಿಯನ್ನು ಮುಖ ನೋಡಿ ಹೇಳುವುದು, ಹೇಳಿದ ಮೇಲೆ ಓಡಿಹೋಗದೆ ಅಲ್ಲೇ ನಿಂತು ಕೆನ್ನೆಗೆ ಹೊಡೆಸಿಕೊಳ್ಳುವುದು, ಅಷ್ಟು ಮಾತ್ರ ನಿಜವಾಗಿ ಕಲಿತದ್ದು. ಇನ್ನು ಕೇಳುವುದನ್ನು ಕಲಿಯಬೇಕು. ಅದನ್ನು ನೀನೇ ಕಲಿಸಬೇಕು.

ನಾನು ಬೇಡುವುದು ಇಷ್ಟೇ. ನಲವತ್ತನೆಯ ದಿನದ ಊಟ ಇನ್ನೂ ಆಗಿಲ್ಲ ಎಂದು ನನ್ನ ಲೆಕ್ಕ. ಅಷ್ಟರೊಳಗೆ ಅಪ್ಪ ಇಲ್ಲ ಎನ್ನುವುದನ್ನು ನೀನು ನಿನ್ನ ಬಾಯಿಂದ ನನಗೆ ಹೇಳು. ಸಗಿನ್ ಚಿಕ್ಕಪ್ಪ ಬೇಡ, ಮಸೀದಿಯ ಮುದುಕರು ಬೇಡ, ಅಣ್ಣನೂ ಬೇಡ. ನೀನು ಹೇಳುವ ತನಕ ನಾನು ಗಟ್ಟಿಯಾಗಿ ಅಳುವ ಹಾಗಿಲ್ಲ, ಹಾಡಿ ಕಳಿಸುವ ಹಾಗಿಲ್ಲ. ಮಗಳ ಅಳು ಕೇಳದೆ ಅಪ್ಪ ಹೋದರು ಎನ್ನುವುದು ನನ್ನನ್ನು ತಿನ್ನುತ್ತಿದೆ.

ಊರಿಗೆ ಬರುವ ವಿಷಯ ಇನ್ನೂ ತೀರ್ಮಾನ ಮಾಡಿಲ್ಲ. ಡಿಸೆಂಬರಿಗೆ ಮೊದಲೇ ಬಿಟ್ಟರೆ ಸರ್ಟಿಫಿಕೇಟು ಇಲ್ಲ, ಮುಂದೆ ಇಲ್ಲಿ ಕೆಲಸವೂ ಇಲ್ಲ ಎಂದು ಮೇಡಂ ಹೇಳಿದ್ದಾರೆ. ಯೋಚನೆ ಮಾಡುತ್ತೇನೆ. ನೀನು ಅದರ ಚಿಂತೆ ಹಚ್ಚಿಕೊಳ್ಳಬೇಡ.

ಐದಾನಾಳಿಗೆ ಮುತ್ತು. ಬೆಕ್ಕಿನ ಮರಿಗೆ ಹಾಲು ಹಾಕು.

ನಿನ್ನ ಹೊಟ್ಟೆಯಲ್ಲಿ ಹುಟ್ಟಿ ನಿನ್ನ ಹಾಗೇ ಸುಳ್ಳು ಹೇಳಲು ಬಾರದ,
ಮೀರಿಮ್

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದು ಮಾತು ಸುಳ್ಳು. ತೀರ್ಮಾನ ಆಗಲೇ ಆಗಿತ್ತು, ಬರೆಯಲು ಧೈರ್ಯ ಬರಲಿಲ್ಲ. ನಾನು ಆಸ್ಪತ್ರೆ ಬಿಟ್ಟು ದೊಡ್ಡಮ್ಮನ ಜೊತೆಗೇ ಬಂದಿದ್ದೇನೆ. ಇಷ್ಟನ್ನು ಕಾರಿನಲ್ಲಿ ಕೂತು ತೊಡೆಯ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ಕಾರು ನಮ್ಮ ಬೀದಿಯ ತಿರುವಿನಲ್ಲಿ ನಿಂತಿದೆ. ಕಾಗದ ಕೊಟ್ಟವನು ಎಸೆನ್. ಅವನನ್ನು ಒಳಗೆ ಕೂರಿಸಿ ಯಾರಿಗೂ ಫೋನ್ ಮಾಡದೆ ನೀನೊಬ್ಬಳೇ ಗೇಟಿನ ತನಕ ಬಾ. ಮಾತು ಹೊರಡದಿದ್ದರೆ ಪರವಾಗಿಲ್ಲ. ನಾನು ಬಂದೆನೆಂಬ ಗಾಬರಿಯಲ್ಲಿ, ಅಪ್ಪ ಹೋದ ದುಃಖಕ್ಕೆ ತಲೆಗೆ ಕಟ್ಟಿದ ಕಪ್ಪು ಬಟ್ಟೆಯನ್ನು ಮಾತ್ರ ಬಿಚ್ಚಿಡಬೇಡ. ಹಾಗೇ ಬಾ, ಅಮ್ಮ.