ಬಾಗಿಲಾಚೆಯ ದನಿ

ತಲೆಗೆ ಹೊದೆಯುವ ಚುನ್ನಿ ಬದಲಿಸಿಕೊಂಡ ಗೆಳತಿ ಬಖ್ತಾವರ್ ಬೀಬಿಗೆ ಚಿಂತ್ ಕೌರ್ ಬರೆಯುವುದು.

ಮೊದಲು ಇದನ್ನು ಓದಿ ಹೇಳುತ್ತಿರುವ ಮನುಷ್ಯನಿಗೆ ನಾಲ್ಕು ಮಾತು. ನೀನು ಯಾರೋ ನನಗೆ ಗೊತ್ತಿಲ್ಲ. ಗಡಿಯಾಚೆ ನಿಮ್ಮ ಕಡೆ ನಮ್ಮ ಗುರ್ಮುಖಿ ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟು ಎಂದು ಬೀಗಬೇಡ. ಹೋದ ಸಲ ಓದಿದ ಪುಣ್ಯಾತ್ಮ ನಾನು ಬೈದದ್ದನ್ನೆಲ್ಲ ನುಂಗಿಕೊಂಡು, ಎಲ್ಲರೂ ಕ್ಷೇಮವಂತೆ ಎಂದಷ್ಟೇ ಹೇಳಿ ಎದ್ದುಹೋದ. ಅಷ್ಟು ಸಭ್ಯತೆ ನಿನಗೂ ಇದ್ದರೆ ಅದನ್ನು ನಿನ್ನ ಮನೆಯಲ್ಲಿ ಬಿಟ್ಟು ಬಾ. ರಕ್ತ ಎಂದು ಬರೆದಲ್ಲಿ ರಕ್ತ ಎಂದೇ ಓದು. ಅಕ್ಷರ ನನ್ನವು, ಮಾತು ಅವಳದೂ ಹೌದು. ನೀನು ಒಂದು ಸಾಲು ಹಾರಿಸಿದರೂ ಅವಳಿಗೆ ತಿಳಿಯುತ್ತದೆ. ಗಂಟಲು ಕಟ್ಟಿದರೆ ಒಂದು ಲೋಟ ಲಸ್ಸಿ ಕುಡಿ, ಮುಂದಕ್ಕೆ ಓದು.

ಬಖ್ತೋ, ನಿನ್ನ ಕ್ಯಾಸೆಟ್ ಬಂತು. ನಿಮ್ಮ ಕಡೆಯ ನನಕಾನಾ ಗುರುದ್ವಾರಕ್ಕೆ ಯಾತ್ರೆ ಹೋದವರು ಬಟ್ಟೆಗಂಟಿನಲ್ಲಿ ಸುತ್ತಿ ತಂದರು. ನಿಮ್ಮ ಉರ್ದು ಅಕ್ಷರ ಇಲ್ಲಿ ಯಾರೂ ಓದಲಾರರೆಂದು ಮಾತನ್ನೇ ಕಳಿಸಿದೆಯಲ್ಲ, ಆ ಬುದ್ಧಿ ಚಿಕ್ಕಂದಿನಲ್ಲಿ ಎಲ್ಲಿತ್ತೋ. ಮೊಮ್ಮಗಳು ಟೇಪಿಗೆ ಹಾಕಿದಳು. "ಲೇ ಚಿಂತೋ, ಮುದಿ ಎಮ್ಮೆ, ಇನ್ನೂ ಸತ್ತಿಲ್ವೇನೇ" ಎಂದು ನೀನು ಶುರು ಮಾಡಿದಾಗ ನಾನು ಹಲ್ಲಿಲ್ಲದ ಬಾಯಿ ತೆರೆದು ನಕ್ಕೆ. ನಮ್ಮೂರ ಕಡೆಯ ಆ ಎಳೆದಾಡುವ ಮಾತಿಗೆ ಈ ಲೂಧಿಯಾನದವರು ನಲವತ್ತೆಂಟು ವರ್ಷದಿಂದ ನಗುತ್ತಿದ್ದಾರೆ. "ಅತ್ತೆ ಮಾತಾಡಿದ್ರೆ ಕಾಡಲ್ಲಿ ದನ ಕರೆದಂಗಿರುತ್ತೆ" ಅನ್ನುತ್ತಾಳೆ ಸೊಸೆ. ಆದರೂ ನಾನು ಆ ಮಾತು ಬಿಡಲಿಲ್ಲ. ಅಲ್ಲಿಂದ ಹೊತ್ತು ತಂದದ್ದು ಅದೊಂದೇ, ಮತ್ತೆ ನಿನ್ನ ಚುನ್ನಿ.

ನಿನ್ನ ಮಾತು ಮುಗಿದ ಮೇಲೆ ನಿನ್ನ ಅಣ್ಣ ಫಜ್ಲಾ ಮಾತಾಡಿದ. "ಚಿಂತೋ, ತಂಗಿ, ಕತ್ತಕ ತಿಂಗಳಲ್ಲಿ ಯಾತ್ರೆಗೆ ಬಂದ್ರೆ ನಮ್ಮನೇಗೂ ಬಾ. ಮೊಮ್ಮಗನ ಮದುವೆ. ನಿನಗೇ ಅಂತ ಹೊಸ ಮಂಚ ಹೆಣೆಸಿಟ್ಟಿದೀನಿ." ಅಷ್ಟೇ. ನಾನು ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿದೆ. ನಡು ಮಧ್ಯಾಹ್ನ, ಮನೆ ತುಂಬ ಜನ. ಮೊಮ್ಮಗಳು ಹೆದರಿ ಟೇಪು ನಿಲ್ಲಿಸಿದಳು.

ಯಾಕೆಂದು ನಿನಗೆ ಎಂದೂ ಹೇಳಿಲ್ಲ. ಈಗ ಹೇಳುತ್ತೇನೆ, ಕೇಳು.

ನೂಲುವ ಹುಡುಗಿಯರೆಲ್ಲ ಚರಕ ನಿಲ್ಲಿಸಿ ನೋಡುತ್ತಿದ್ದಾಗ ನನ್ನ ತಲೆಯ ಚುನ್ನಿ ನಿನಗೆ ಹೊದಿಸಿದೆ, ನಿನ್ನ ಹಳದಿಯದನ್ನು ನಾನು ಹೊದ್ದೆ. ನಿನ್ನ ಅಮ್ಮ ಇಬ್ಬರ ಬಾಯಿಗೂ ಬೆಲ್ಲ ಇಟ್ಟಳು. ಅಂದಿನಿಂದ ನಿನ್ನ ಅಣ್ಣ ನನಗೂ ಅಣ್ಣ. ಚುನ್ನಿ ಕೊಟ್ಟು ತೆಗೆದುಕೊಂಡ ಮನೆಯ ಮೇಲೆ ಕೈ ಎತ್ತುವವನು ನಮ್ಮ ನೆಲದಲ್ಲಿ ಹುಟ್ಟಿಲ್ಲ ಎಂದು ನನ್ನ ಅಪ್ಪ ವಸಾವಾ ಸಿಂಗ್ ನಂಬಿದ್ದ. ಎರಡು ವರ್ಷ ಕಳೆದು, ದೇಶ ಹೋಳಾದ ಆ ಭಾದೋಂ ತಿಂಗಳು ಬಂತು. ಅಕ್ಕಪಕ್ಕದ ಸಿಖ್ಖರ ಮನೆಗಳು ಉರಿದವು. ನಾವು ಮೂರು ದಿನ ಬಾಗಿಲು ಹಾಕಿ ಕೂತೆವು. ಹೊರಗಿನವರು "ತೆಗೀರಿ, ಏನೂ ಮಾಡಲ್ಲ" ಎಂದು ಕೂಗುವರು. ಅಪ್ಪ ಬಾಗಿಲಿಗೆ ಕಿವಿಯಿಟ್ಟು, "ನದಿ ಆಚೆಯೋರ ನಾಲಿಗೆ ಇದು. ನಮ್ಮೂರೋರಲ್ಲ. ತೆಗೀಬೇಡಿ" ಎನ್ನುವನು. ದನಿಯ ಏರಿಳಿತ ಕೇಳಿ ಊರು ಹೇಳುತ್ತಿದ್ದ ಮನುಷ್ಯ ಅವನು. ಆ ಕಿವಿಯೇ ನಮ್ಮನ್ನು ಮೂರು ದಿನ ಉಳಿಸಿತು.

ನಾಲ್ಕನೆಯ ದಿನ ನಡುಹೊತ್ತಿಗೆ ಯಾರೋ ಬಾಗಿಲನ್ನು ಮೆಲ್ಲಗೆ ಬಡಿದರು. "ಚಾಚಾ ವಸಾವಾ ಸಿಂಗಾ, ಬಾಗಿಲು ತೆಗಿ. ನಾನು. ಗಾಡಿ ತಂದಿದೀನಿ."

ಅಪ್ಪ ಅಮ್ಮನ ಕಡೆ ತಿರುಗಿ ನಕ್ಕ. "ಕೇಳಿಸ್ತಾ? ನಮ್ಮ ಫಜ್ಲಾ." ನಗುನಗುತ್ತಲೇ ಅಗುಳಿ ಎಳೆದ.

ಮೊದಲ ಏಟು ಅವನ ಬಾಯಿಗೇ ಬಿತ್ತು. ಮೇವು ಕತ್ತರಿಸುವ ಗಂಡಾಸಾ, ಉದ್ದ ಹಿಡಿಯದು. ಗಡ್ಡ ಸಮೇತ ದವಡೆ ಎದೆಯ ಮೇಲೆ ಜೋತುಬಿತ್ತು. ನಾಲಿಗೆ ಇನ್ನೂ ಆಡುತ್ತಿತ್ತು, ಏನು ಹೇಳಲು ಹೊರಟಿದ್ದನೋ. ಎರಡನೆಯ ಏಟಿಗೆ ಮಂಡಿಯೂರಿದ. ಆಮೇಲೆ ಎಣಿಸಲಿಲ್ಲ. ನುಗ್ಗಿದವರೆಲ್ಲ ಮುಖಕ್ಕೆ ಬಟ್ಟೆ ಸುತ್ತಿದ್ದರು, ಯಾರೆಂದು ಕಾಣಲಿಲ್ಲ. ಅಮ್ಮ ನನ್ನನ್ನು ಹೊಟ್ಟಿನ ಕೋಣೆಗೆ ನೂಕಿದಳು. ನಾಲ್ಕು ವರ್ಷದ ತಂಗಿ ಬಚನಿಯನ್ನು ಕಂಕುಳಿಗೇರಿಸಿಕೊಂಡು ಅಂಗಳದ ಬಾವಿಗೆ ಹಾರಿದಳು. ಬಿದ್ದ ಸದ್ದು ಎರಡು ಸಲ ಕೇಳಿಸಿತು. ಬಚನಿ ಕೈ ಜಾರಿದ್ದಿರಬೇಕು.

ಹೊಟ್ಟಿನೊಳಗೆ ಹೂತು ಕೂತು ನಾನು ಕೇಳಿದ್ದನ್ನು ಇನ್ನೂ ಕೇಳುತ್ತಿದ್ದೇನೆ. ಕಡಿಯುವವರೂ ಕಡಿಸಿಕೊಳ್ಳುವವರೂ ಒಂದೇ ಮಾತಿನಲ್ಲಿ ಬೈಯುತ್ತಿದ್ದರು. ಅಪ್ಪ ನಮ್ಮ ಮೊಂಡು ಎತ್ತಿಗೆ ಬೈಯುತ್ತಿದ್ದ ಬೈಗುಳವನ್ನೇ ಯಾವನೋ ಅಪ್ಪನ ಹೆಣಕ್ಕೆ ಬೈದ. ಪಕ್ಕದ ಓಣಿಯಲ್ಲಿ ನಮ್ಮವನೊಬ್ಬನ ಕತ್ತಿಗೆ ಸಿಕ್ಕ ನಿಮ್ಮವನು "ಅಮ್ಮಾ" ಎಂದ. ನಮ್ಮವರೂ "ಅಮ್ಮಾ" ಎಂದೇ ಸತ್ತರು. ದನಿ ಕೇಳಿ ಯಾರು ಯಾರೆಂದು ಹೇಳಲಾಗಲಿಲ್ಲ. ಆಮೇಲೆ ಹೊಟ್ಟಿಗೆ ಭರ್ಜಿ ಚುಚ್ಚಿ ನೋಡಿದರು. ಅದು ನನ್ನ ತೊಡೆಯೊಳಗೆ ಹೋಯಿತು. ನಿನ್ನ ಚುನ್ನಿಯಿಂದ ಅಲಗನ್ನು ಒತ್ತಿ ಹಿಡಿದೆ, ಅವನು ಹೊರಗೆಳೆದಾಗ ರಕ್ತ ಚುನ್ನಿಗೆ ಒರೆಸಿಕೊಂಡಿತು. ಒಣ ಅಲಗು ನೋಡಿ, "ಯಾರಿಲ್ಲ ಬಿಡು" ಎಂದ. ನಾನು ಬದುಕಿದ್ದು ನಿನ್ನ ಚುನ್ನಿಯಿಂದ, ಅಪ್ಪ ಸತ್ತಿದ್ದು ನಿನ್ನ ಅಣ್ಣನ ದನಿಯಿಂದ. ಎರಡನ್ನೂ ಒಂದೇ ಮನೆಯವರು ಕೊಟ್ಟರು ಎಂದುಕೊಂಡೇ ಇಷ್ಟು ವರ್ಷ ತಿಂದಿದ್ದೇನೆ, ಉಂಡಿದ್ದೇನೆ, ಮಕ್ಕಳನ್ನು ಹೆತ್ತಿದ್ದೇನೆ. ದಿನಾ ಹಾಲು ಕರೆಯುವಾಗ ಅವನ ಹೆಸರು ಹಿಡಿದು ಶಾಪ ಹಾಕಿದ್ದೇನೆ.

ನಮ್ಮವರೇನೂ ಹಾಲು ಕುಡಿದ ಹಸುಳೆಗಳಲ್ಲ. ನಾನು ಸೊಸೆಯಾಗಿ ಬಂದ ಈ ಮನೆ ಒಬ್ಬ ಮುಸಲ್ಮಾನನದು. ಗೋಡೆಯ ಮೇಲೆ ರಕ್ತದ ಕೈಗುರುತು ಇತ್ತು, ಚಿಕ್ಕ ಕೈ. ಸಗಣಿ ಮೆತ್ತಿ ಮುಚ್ಚಿದವಳು ನಾನೇ. ಮಾವ ಒಂದು ಸಲ ಕುಡಿದು ಕೂತು ಹೇಳಿದ: "ಈ ಮನೆಯೋರು ಎರಡು ದಿನ ಬಾಗಿಲು ತೆಗೀಲಿಲ್ಲ ಕಣ್ರೋ. ನಾನು ಹೋಗಿ, ಚಾಚಾ, ನಾನು ಅಂದೆ. ತಕ್ಷಣ ತೆಗೆದ್ರು." ಕೂತವರೆಲ್ಲ ನಕ್ಕರು. ಅವನು ಸಾಯುವ ತನಕ ಅವನ ತಟ್ಟೆಗೆ ರೊಟ್ಟಿ ಹಾಕಿದೆ, ಮಾತು ಹಾಕಲಿಲ್ಲ.

ಬಖ್ತೋ, ಈಗ ನನ್ನ ಕಷ್ಟ ಕೇಳು. ಫಜ್ಲಾ ಮಾತಾಡಿದ್ದನ್ನು ಹನ್ನೊಂದು ಸಲ ಹಾಕಿಸಿ ಕೇಳಿದೆ. ಒಂದು ಸಲ ಅದೇ ದನಿ ಅನ್ನಿಸುತ್ತದೆ. ಇನ್ನೊಂದು ಸಲ ಯಾರೋ ಮುದುಕ ಕೆಮ್ಮುತ್ತ ಮಾತಾಡಿದಂತಿದೆ. ನಮ್ಮೂರ ಗಂಡಸರೆಲ್ಲ ಚಾಚಾ ಎಂದು ಎಳೆದೇ ಕರೆಯುತ್ತಿದ್ದರಲ್ಲ. ಅಪ್ಪ ಕೇಳಿದ್ದೂ ಅಷ್ಟೇ, ನಾನು ಕೇಳಿದ್ದೂ ಅಷ್ಟೇ. ಒಬ್ಬ ಮನುಷ್ಯನನ್ನು ನಲವತ್ತೆಂಟು ವರ್ಷ ಅವನ ದನಿಗೇ ನೇಣು ಹಾಕಿಟ್ಟು, ಈಗ ನನಗೇ ಗುರುತು ಹತ್ತುತ್ತಿಲ್ಲ. ಅವನು ಹೆಣೆಸಿದ ಮಂಚದ ಮೇಲೆ ನಾನು ಹೇಗೆ ಮಲಗಲಿ?

ಹಾಗಾಗಿ ಒಂದು ಕೆಲಸ ಮಾಡು. ಟೇಪಿಗೆ ಖಾಲಿ ಕ್ಯಾಸೆಟ್ ಹಾಕಿ ಅವನ ಮುಂದಿಡು. ಕುರಾನಿನ ಆಣೆ ಬೇಡ, ಕಣ್ಣೀರೂ ಬೇಡ. "ಚಾಚಾ ವಸಾವಾ ಸಿಂಗಾ, ಬಾಗಿಲು ತೆಗಿ. ನಾನು. ಗಾಡಿ ತಂದಿದೀನಿ." ಇಷ್ಟು ಹೇಳಲಿ, ಆ ದಿನದಂತೆ ಮೆಲ್ಲಗೆ. ಬೇರೇನೂ ಸೇರಿಸಬಾರದು. ನಾನು ಬಾಗಿಲಿನ ಈಚೆ ಕೂತು ಕೇಳುತ್ತೇನೆ. ಅವನಲ್ಲದಿದ್ದರೆ ಭರ್ಜಿಗೆ ತೂತಾದ ಆ ಚುನ್ನಿ ಹೊದ್ದೇ ಮದುವೆಗೆ ಬಂದು ಅವನ ಕಾಲು ಮುಟ್ಟುತ್ತೇನೆ. ಅವನೇ ಆಗಿದ್ದರೆ ಚುನ್ನಿ ನಿನಗೆ ವಾಪಸು ಬರುತ್ತದೆ, ನಾನು ಬರುವುದಿಲ್ಲ. ಹೇಳಲಾರೆ ಎಂದು ಅವನು ಎದ್ದುಹೋದರೆ, ಆ ಎದ್ದುಹೋದ ಸದ್ದೂ ಟೇಪಿನಲ್ಲಿರಲಿ.

ನಿನ್ನ ಮಕ್ಕಳು ಮರಿ ತಣ್ಣಗಿರಲಿ. ನಿನ್ನ ಮನೆಯ ಬಾಗಿಲನ್ನು ಯಾರೂ ಹೆದರಿಕೊಂಡು ತೆಗೆಯುವ ದಿನ ಬಾರದಿರಲಿ.

ನಿನ್ನ ಹಳದಿ ಚುನ್ನಿಯವಳು,
ಚಿಂತೋ

ಇದು ಅಸ್ಸು ತಿಂಗಳು. ಕತ್ತಕ ಹುಟ್ಟುವ ಮೊದಲು ಕ್ಯಾಸೆಟ್ ನನ್ನ ಕೈಗೆ ಸೇರಬೇಕು, ಕಳಿಸು.