ಬಾಲ ಏಸು ತೋಳಿನಿಂದ ಹಾರಿದ ದಿನ

ಅಮ್ಮಾ,

ನೀನು ತೀರಿಹೋದ ಮೇಲೆ ಈ ಪತ್ರ ಯಾರು ಓದುತ್ತಾರೆ? ಆದರೂ ನಿನಗೇ ಹೇಳಬೇಕು.

ಇವತ್ತು ಬಾಲ ಏಸುವಿಗೆ ಚರ್ಚಿನಲ್ಲಿ ಆಶೀರ್ವಾದ ಮಾಡಿಸುವ ಕಾಂದೆಲಾರಿಯಾ ಹಬ್ಬ. ಅತ್ತೆ, ಮನೆಯಲ್ಲಿದ್ದ ಬಾಲ ಏಸುವಿನ ಪಿಂಗಾಣಿ ಗೊಂಬೆಗೆ ಹೊಸ ಅಂಗಿ ತೊಡಿಸಿ, ಚರ್ಚಿಗೆ ಒಯ್ಯಲು ಎದೆಗವಚಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ ಮಗಳು ಇನೆಸಳನ್ನು ಮಕ್ಕಳ ಸೀಟಿಗೆ ಬಿಗಿಯುತ್ತಿದ್ದೆ.

"ಕೂಸನ್ನ ಕಳ್ಳನ ಥರ ಕಟ್ಹಾಕ್ತೀಯಲ್ಲೇ! ಇಲ್ಲಿ ಕೊಡು. ನನ್ ತೋಳಿಗಿಂತ ಗಟ್ಟಿನಾ ಆ ಪಟ್ಟಿ?"

"ಕೊಡಲ್ಲ ಅತ್ತೆ."

ನಾನೇ ಕಾರು ಓಡಿಸುತ್ತಿದ್ದೆ. ಜೋಳದ ಕಡುಬಿನಂಥ ತಮಾಲೆ ಮಾರುವ ತಿರುವಿನಲ್ಲಿ ಬಸ್ಸೊಂದು ಅಡ್ಡ ನುಗ್ಗಿತು. ಬ್ರೇಕ್ ತುಳಿದೆ. ಗೊಂಬೆ ಹಾರಿ ಗಾಜಿಗೆ ಬಡಿದು ಚೂರುಚೂರಾಯಿತು. ಇನೆಸ್ ಪಟ್ಟಿಯೊಳಗೇ ಕಿರುಚುತ್ತಿದ್ದಳು. ಅತ್ತೆ ಖಾಲಿ ತೋಳು ನೋಡಿಕೊಳ್ಳುತ್ತ, "ನಾನು ಬಿಡ್ಲಿಲ್ಲ ಕಣೇ, ಬಿಡ್ಲೇ ಇಲ್ಲ" ಎಂದರು.

ಅಪಘಾತದಲ್ಲಿ ನಿನ್ನ ಮಡಿಲಿಂದ ಹಾರಿದ ತಮ್ಮನನ್ನು ಹೂಳಿದ ದಿನ ನೀನೂ ಇದೇ ಮಾತು ಹೇಳಿದ್ದೆ. ನಾವ್ಯಾರೂ ಉತ್ತರ ಕೊಡಲಿಲ್ಲ.

ಇವತ್ತು ಅತ್ತೆಯ ಕೈ ಹಿಡಿದು, "ಗೊತ್ತು ಅತ್ತೆ, ನೀವು ಬಿಡ್ಲಿಲ್ಲ" ಅಂದೆ.